ಗಡಿಯಾಚೆ ಬ್ರೇಕ್ ಅತ್ತೆ

ಆ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧದಷ್ಟು ಜನ ಬ್ರೇಕ್ ಅತ್ತೆಯ ಕೈಲಿ ಬೈಸಿಕೊಂಡೇ ಲೈಸೆನ್ಸ್ ಪಡೆದವರು. ಬ್ಯಾಂಕಿನ ಮ್ಯಾನೇಜರು, ಹಲ್ಲಿನ ಡಾಕ್ಟರು, ಹೂವಿನಂಗಡಿಯ ಅವಳಿ ಅಕ್ಕತಂಗಿಯರು, ಅಷ್ಟೇಕೆ, ಚೌಕದಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸಿನವನೂ ಅತ್ತೆಯ ಶಿಷ್ಯನೇ. ಅವನು ಇವತ್ತಿಗೂ ಅತ್ತೆಯ ಕಾರು ಕಂಡರೆ ಸೀಟಿಯನ್ನು ಬಾಯಿಂದ ತೆಗೆದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾನೆ.

ಅತ್ತೆಯ ಡ್ರೈವಿಂಗ್ ಶಾಲೆ ಅಂದರೆ ಒಂದು ಕೋಣೆ, ಒಂದು ಪುಟ್ಟ ಬಿಳಿ ಕಾರು. ಕೋಣೆಯ ಗೋಡೆಗೆ ರಸ್ತೆ ಚಿಹ್ನೆಗಳ ಚಾರ್ಟು. ನಡುವೆ ಒಂದು ಮೇಜು, ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದ ರಸ್ತೆಗಳು, ಆ ರಸ್ತೆಗಳ ಮೇಲೆ ಬಣ್ಣ ಹೋದ ಆಟಿಕೆ ಕಾರುಗಳು. ಹೊರಗೆ ನಿಂತ ನಿಜವಾದ ಕಾರಿನಲ್ಲಿ ಸ್ಟೀರಿಂಗ್ ಬಲಗಡೆ, ಅತ್ತೆ ಎಡಗಡೆ. ಅತ್ತೆಯ ಕಾಲ ಬಳಿಯೂ ಒಂದು ಬ್ರೇಕ್ ಪೆಡಲ್. ಇಪ್ಪತ್ತೆರಡು ವರ್ಷ ಅವರು ಆ ಎಡಗಡೆಯ ಸೀಟು ಬಿಟ್ಟು ಕದಲಿದವರಲ್ಲ. ಅವರ ಹಿಮ್ಮಡಿ ಊರುವ ಕಡೆ ಮ್ಯಾಟು ಸವೆದು, ಅದರಡಿಯ ತಗಡು ಹೊಳೆಯುತ್ತಿತ್ತು.

"ಹೋಗೋದು ಕತ್ತೆಗೂ ಬರುತ್ತೆ. ನಿಲ್ಲೋದನ್ನ ಕಲಿ ಮೊದಲು," ಎನ್ನುವುದು ಅವರ ಮೊದಲ ಪಾಠ. ಎರಡನೆಯ ಪಾಠವೂ ಅದೇ.

ಅತ್ತೆಯ ಗಂಡ, ಅಂದರೆ ಮಾವ, ಸೋಫಾ ರಿಪೇರಿಯವರು. ಹಳೇ ಸೋಫಾದ ಬಟ್ಟೆ ಬಿಚ್ಚಿ, ಸ್ಪ್ರಿಂಗ್ ಬಿಗಿದು, ಹೊಸ ಬಟ್ಟೆ ತೊಡಿಸುವ ಕೆಲಸ. ಸಣ್ಣ ಮೊಳೆಗಳನ್ನು ತುಟಿಗಳ ನಡುವೆ ಇಟ್ಟುಕೊಂಡು ಹೊಡೆಯುವ ಅಭ್ಯಾಸದಿಂದಾಗಿ ಬಾಯಲ್ಲಿ ಮೊಳೆ ಇಲ್ಲದಿದ್ದರೂ ಬಾಯಿಯ ಒಂದೇ ಮೂಲೆಯಿಂದ ಮಾತಾಡುವರು. ಡ್ರೈವಿಂಗ್ ಅವರಿಗೆ ಬರುವುದಿಲ್ಲ. ಹೆಂಡತಿಯ ಬಳಿ ಒಂಬತ್ತು ಪಾಠ ಕಲಿತು, ಹತ್ತನೆಯದಕ್ಕೆ, "ನಂಗೆ ಕಾರು ಬೇಡ, ಸಂಸಾರ ಬೇಕು," ಎಂದು ಇಳಿದು ಬಂದವರು.

ಇಂಥ ಮನೆಗೆ ಒಂದು ದಿನ ಚಿಕ್ಕತ್ತೆಯ ಫೋನು ಬಂತು. ಚಿಕ್ಕತ್ತೆ ಎಂದರೆ ಅತ್ತೆಯ ತಂಗಿ, ಸಾಮಾನು ಸಾಗಿಸುವ ಹಡಗಿನಲ್ಲಿ ಅಡುಗೆಯವರು. ನಲವತ್ತಾರು ವರ್ಷ, ಮದುವೆಯ ಮಾತೆತ್ತಿದರೆ, "ಮೂವತ್ತು ಗಂಡಸರಿಗೆ ದಿನಾ ಅಡುಗೆ ಮಾಡಿ ಹಾಕ್ತಿದೀನಿ, ಇನ್ನೊಬ್ಬ ಯಾಕೆ?" ಎನ್ನುತ್ತಿದ್ದರು.

"ಅಕ್ಕಾ, ಕೂತಿದೀಯಾ ನಿಂತಿದೀಯಾ?"

"ನಿಂತಿದೀನಿ, ಯಾಕೆ?"

"ಕೂತ್ಕೋ. ನಾನು ಮದುವೆ ಆಗ್ತಿದೀನಿ."

ಅತ್ತೆ ಕೂತರು. ಹುಡುಗ, ಅಂದರೆ ಐವತ್ತೊಂದರ ಹುಡುಗ, ಹಡಗು ನಿಲ್ಲುವ ದೂರದ ಊರಿನಲ್ಲಿ ಲಾಂಡ್ರಿ ಇಟ್ಟುಕೊಂಡವರಂತೆ. ನಾಲ್ಕು ವರ್ಷದಿಂದ ಚಿಕ್ಕತ್ತೆಯ ಏಪ್ರನ್ ಒಗೆದು ಇಸ್ತ್ರಿ ಮಾಡುತ್ತ ಮಾಡುತ್ತ ಮನಸ್ಸಿನ ಸುಕ್ಕನ್ನೂ ತೆಗೆದಿದ್ದರಂತೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ. ಬುಧವಾರ ಹಡಗು ಹೊರಟರೆ ಏಳು ತಿಂಗಳು ವಾಪಸಿಲ್ಲ.

"ಸಾಕ್ಷಿ ಸಹಿ ನಿಂದೇ ಆಗ್ಬೇಕು. ಹೆಸರು ಕೊಟ್ಟಾಯ್ತು. ನೀನು ಬರೋವರೆಗೂ ನಾನು ಪೆನ್ನು ಮುಟ್ಟಲ್ಲ, ಅಷ್ಟೇ."

ಫೋನಿಟ್ಟ ಮೇಲೆ ಅತ್ತೆ ಎಷ್ಟು ಹೊತ್ತಾದರೂ ಮೇಲೇಳಲಿಲ್ಲ. ಅದಕ್ಕೊಂದು ಕಾರಣವಿತ್ತು. ಇಪ್ಪತ್ತು ವರ್ಷದ ಹಿಂದೆ ಇದೇ ತಂಗಿ, ಇದೇ ಮನೆಯ ಅಡುಗೆಮನೆಯಲ್ಲಿ, ಪಾತ್ರೆ ಒರೆಸುತ್ತ, ರೇಡಿಯೋ ಅಂಗಡಿಯ ಗುಮಾಸ್ತನೊಬ್ಬ ಮದುವೆಯಾಗು ಅಂತಿದ್ದಾನೆ, ಹೂಂ ಅನ್ನಲಾ ಎಂದು ಕೇಳಿದ್ದಳು. ಅತ್ತೆ ತಿರುಗಿ ಕೂಡ ನೋಡದೆ, "ತಡಿ, ಇನ್ನೊಂಚೂರು ದಿನ ನೋಡು," ಎಂದಿದ್ದರು. ಗುಮಾಸ್ತ ತಡೆಯಲಿಲ್ಲ. ಮೂರೇ ತಿಂಗಳಲ್ಲಿ ಬೇರೆಯವಳನ್ನು ಕಟ್ಟಿಕೊಂಡ. ತಂಗಿ ಹಡಗು ಹತ್ತಿದಳು. ಅಂದಿನಿಂದ ಆ 'ತಡಿ' ಅನ್ನುವ ಮಾತು ಅತ್ತೆಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ತಂಗಿ ಒಂದು ದಿನವೂ ಅದನ್ನು ಎತ್ತಿ ಆಡಿದವಳಲ್ಲ. ಅದೇ ಇನ್ನೂ ಹೆಚ್ಚು ಚುಚ್ಚುತ್ತಿತ್ತು. ಈ ಸಲ ಮಾತ್ರ ಏನೇ ಆಗಲಿ, ತನ್ನಿಂದ ತಂಗಿಯ ಮದುವೆ ಒಂದು ನಿಮಿಷವೂ ತಡವಾಗಕೂಡದು.

ಆದರೆ ಅತ್ತೆಯೊಬ್ಬರ ವಿಮಾನದ ಟಿಕೆಟ್ ನೋಡಿದರೂ ಮೂಗಿಗಿಂತ ಮೂಗುತಿ ಭಾರ. ಮಾವ ಮೂರು ದಿನ ಸೋಫಾ ಮುಟ್ಟಲಿಲ್ಲ, ಮೊಬೈಲು ಬಿಡಲಿಲ್ಲ. ನಾಲ್ಕನೆಯ ದಿನ ಬೆಲ್ಲ ಕಂಡ ಇರುವೆಯ ಹಾಗೆ ಓಡಿ ಬಂದರು.

"ಸಿಕ್ತು ಕಣೇ! ಗಡಿ ಆಚೆ ಏರ್‌ಪೋರ್ಟಿಂದ ಹತ್ತಿದ್ರೆ ಅರ್ಧಕ್ಕರ್ಧ! ಭಾನುವಾರ ಸಂಜೆ ಐದೂವರೆಗೆ."

"ಶನಿವಾರ ಇಲ್ವಾ?"

"ಇದೆ. ಆದ್ರೆ ಭಾನುವಾರ ಇನ್ನೂ ಅಗ್ಗ."

"ಅಲ್ಲೀವರೆಗೆ ಹೋಗೋದು ಹೇಗೆ ರೀ? ಇನ್ನೂರ ಅರವತ್ತು ಕಿಲೋಮೀಟರು."

"ಮನೆ ಮುಂದೆ ಕಾರಿದೆ, ಮನೆ ಒಳಗೆ ಡ್ರೈವಿಂಗ್ ಮೇಡಂ ಇದಾರೆ. ಇನ್ನೇನು ಪಲ್ಲಕ್ಕಿ ಬೇಕಾ?"

ಕಾರನ್ನು ವಾಪಸ್ ತರಲು ಒಬ್ಬರು ಬೇಕಲ್ಲ? ಅದಕ್ಕೆ ಸಿಕ್ಕಿದ್ದು ಚಿನಕುರಳಿ. ಅತ್ತೆಯ ಅಣ್ಣನ ಮಗಳು, ಇಪ್ಪತ್ತು ವರ್ಷ, ಜೆರಾಕ್ಸ್ ಅಂಗಡಿಯಲ್ಲಿ ಕೆಲಸ. ಮಾತು ಶುರುವಾದರೆ ಅಂಗಡಿಯ ಮೆಷಿನ್ನೇ ನಾಚಬೇಕು, ಹಾಗೆ ಒಂದರ ಹಿಂದೊಂದು. ಲೈಸೆನ್ಸ್ ಸಿಕ್ಕಿ ಹನ್ನೊಂದು ದಿನವಾಗಿತ್ತು. ಕಲಿಸಿದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

"ಬರುವಾಗ ನೀನೇ ಓಡಿಸ್ಬೇಕು. ಅದಕ್ಕೆ ಹೋಗುವಾಗ್ಲೂ ನೀನೇ ಓಡಿಸು, ನಾನು ಪಕ್ಕದಲ್ಲಿ ಕೂತು ನೋಡ್ತೀನಿ," ಎಂದರು ಅತ್ತೆ. ಕೇಳಿದವರಿಗೆ ನ್ಯಾಯವಾಗಿಯೇ ಕಂಡಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೊರಟರು. ಮಾವ ಹಿಂದಿನ ಸೀಟಿನಲ್ಲಿ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಫ್ಲಾಸ್ಕು ಎಲ್ಲವನ್ನೂ ಮಡಿಲಲ್ಲಿಟ್ಟುಕೊಂಡು ಮದುವೆ ಗಂಡಿನ ಹಾಗೆ ಕೂತಿದ್ದರು. ಅತ್ತೆಯ ಕೈಚೀಲದಲ್ಲಿ ಪಾಸ್‌ಪೋರ್ಟು, ತಂಗಿಗೆಂದು ಹೊಲಿಸಿದ ನೀಲಿ ರೇಷ್ಮೆ ರವಿಕೆ.

ಊರು ದಾಟಿ ಹೈವೇ ಸಿಕ್ಕಿತು. ಚಿನಕುರಳಿ ಸಂಭ್ರಮದಿಂದ ಆಕ್ಸಿಲರೇಟರ್ ಒತ್ತಿದಳು. ಕಾರು ಮೂವತ್ತೈದಕ್ಕೆ ಏರಿತು. ಇನ್ನೂ ಒತ್ತಿದಳು. ಮೂವತ್ತೈದೇ.

"ಅತ್ತೆ, ಗಾಡಿ ಎಳೀತಾನೇ ಇಲ್ಲ."

"ಎಳೆಯುತ್ತೆ. ನೀನು ಮೆತ್ತಗೆ ಒತ್ತು. ಮುಂದೆ ನೋಡು, ಅಲ್ಲೊಂದು ಬಸ್ಸು ನಿಂತಿದೆ."

"ಅದು ಅರ್ಧ ಕಿಲೋಮೀಟರ್ ದೂರದಲ್ಲಿದೆ!"

"ದೂರದ್ದು ಹತ್ತಿರ ಆಗೋಕೆ ಎಷ್ಟೊತ್ತು?"

ಲಾರಿಗಳು ದಾಟಿ ಹೋದವು. ಬಸ್ಸುಗಳು ದಾಟಿ ಹೋದವು. ಸ್ಕೂಟರಿನ ಹಿಂದೆ ಏಣಿ ಕಟ್ಟಿಕೊಂಡಿದ್ದ ಪೇಂಟರೊಬ್ಬ ಏಣಿಸಮೇತ ದಾಟಿ ಹೋದ. ಒಂದು ಏರಿನಲ್ಲಂತೂ ಸೈಕಲ್ಲಿನ ಮೇಲೆ ಎಲೆಕೋಸಿನ ಮೂಟೆ ಹೇರಿಕೊಂಡಿದ್ದ ತಾತ ಗಂಟೆ ಬಾರಿಸುತ್ತ ಪಕ್ಕಕ್ಕೆ ಬಂದು, ಒಳಗೆ ಇಣುಕಿ, "ತಳ್ಬೇಕಾ?" ಎಂದು ಕೇಳಿದ.

"ಬೇಡ ತಾತ, ನಾವು ಹೀಗೇ," ಎಂದಳು ಚಿನಕುರಳಿ.

ಹನ್ನೊಂದು ಗಂಟೆಗೆ ನೂರ ಹತ್ತು ಕಿಲೋಮೀಟರ್ ಕೂಡ ಆಗಿರಲಿಲ್ಲ. ಅಷ್ಟರಲ್ಲಿ ಕಾರಿನಿಂದ ಸುಟ್ಟ ರಬ್ಬರಿನಂಥ ವಾಸನೆ. ಮಾವ ಮೊದಲು ಮೊಟ್ಟೆಯನ್ನು ಮೂಸಿದರು, ಆಮೇಲೆ ಚಪ್ಪಲಿಯನ್ನು ಮೂಸಿದರು. ಮುಂದಿನ ಚಕ್ರದಿಂದ ಹೊಗೆ ಏಳುವುದು ಕಂಡಾಗ ಅತ್ತೆ, "ನಿಲ್ಲಿಸೇ!" ಎಂದರು. ಚಿನಕುರಳಿ ಬ್ರೇಕ್ ಮುಟ್ಟುವ ಮೊದಲೇ ಕಾರು ನಿಂತಿತ್ತು.

ಅದೃಷ್ಟಕ್ಕೆ ಕೂಗಳತೆಯಲ್ಲೇ ಒಂದು ಗ್ಯಾರೇಜು. ಮೆಕ್ಯಾನಿಕ್ ಒಬ್ಬ ದಪ್ಪ ಮನುಷ್ಯ, ಕೆಲಸಕ್ಕಿಂತ ಮಾತಿನಲ್ಲಿ ಸಾವಕಾಶ. ಚಕ್ರ ಬಿಚ್ಚಿದ, ನೋಡಿದ, ಕೈ ಒರೆಸಿಕೊಂಡ, ಕಾರಿನೊಳಗೆ ತಲೆ ತೂರಿಸಿದ, ಹೊರಗೆ ಬಂದ.

"ಈ ಗಾಡೀಲಿ ಎರಡು ಬ್ರೇಕ್ ಪೆಡಲ್ ಇದೆ."

"ಹೌದು, ಕಲಿಸೋ ಗಾಡಿ," ಎಂದರು ಅತ್ತೆ.

"ಎಡಗಡೆ ಪೆಡಲ್ ಮೇಲೆ ಬೆಳಿಗ್ಗೆಯಿಂದ ಕಾಲಿಟ್ಕೊಂಡು ಬಂದಿರೋರು ಯಾರು?"

ಮಾವ ಆಕಾಶ ನೋಡಿದರು. ಚಿನಕುರಳಿ ನೆಲ ನೋಡಿದಳು.

"ನಾನು ಒತ್ತೇ ಇಲ್ಲಪ್ಪ!"

"ಒಳಗೆ ಕೂತ್ಕೊಳಿ ಮೇಡಂ," ಎಂದ ಮೆಕ್ಯಾನಿಕ್. ಅತ್ತೆ ಎಡಗಡೆ ಕೂತರು. ಕಾರು ಜಾಕಿನ ಮೇಲೆ, ಚಕ್ರವೇ ಇಲ್ಲ. ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿದು ಇದ್ದಕ್ಕಿದ್ದಂತೆ, "ಅಯ್ಯೋ ಬೆಕ್ಕು!" ಎಂದು ಕೂಗಿದ. ಅತ್ತೆಯ ಕಾಲು ಪೆಡಲಿನ ಮೇಲೆ ಧಡಕ್ಕನೆ ಬಿತ್ತು.

ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ಮಾವ ನಗು ತಡೆಯಲು ಇಡೀ ಮೊಟ್ಟೆಯನ್ನು ಬಾಯಿಗೆ ತುರುಕಿಕೊಂಡರು.

"ನಿಮ್ಮ ಕಾಲು ನಿಮ್ಮ ಮಾತನ್ನೇ ಕೇಳಲ್ಲ ಮೇಡಂ. ಈ ತಂಗಿ ಮುಂದಕ್ಕೆ ಒತ್ತಿದ್ರೆ ನೀವು ಹಿಂದಕ್ಕೆ ಒತ್ತಿದೀರಿ."

"ಎತ್ತು ಏರಿಗೆಳೀತು, ಕೋಣ ನೀರಿಗೆಳೀತು," ಎಂದರು ಮಾವ, ಮೊಟ್ಟೆಯ ಸಂದಿಯಿಂದ.

"ಕೋಣ ಯಾರು ರೀ ಇಲ್ಲಿ?"

"ಗಾದೆ ಕಣೇ, ಗಾದೆ."

ಚಕ್ರ ತಣ್ಣಗಾಗಲು ಮುಕ್ಕಾಲು ಗಂಟೆ ಬೇಕಿತ್ತು. ಮಾವ ಗಡಿಯಾರ ನೋಡಿ, "ಲೇ, ಇನ್ಮುಂದೆ ನೀನೇ ಓಡಿಸಿಬಿಡು. ಈ ಮಗು ಹಿಂದೆ ಕೂರಲಿ. ಬೇಗ ಹೋಗಿಬಿಡೋಣ," ಎಂದರು.

ಅತ್ತೆ ಕೈಚೀಲದ ಜಿಪ್ಪನ್ನು ಎಳೆದರು, ಹಾಕಿದರು, ಎಳೆದರು. ಆಮೇಲೆ, ನೆಲಕ್ಕೆ ಹೇಳುವ ಹಾಗೆ, "ನಂಗೆ ಬರಲ್ಲ," ಎಂದರು.

"ಏನು ಬರಲ್ಲ?"

"ಹೈವೇಲಿ ಓಡಿಸೋಕೆ. ಲೈಸೆನ್ಸ್ ತಗೊಂಡಾಗ ಊರೊಳಗೆ ಓಡಿಸಿದ್ದೆ. ಆಮೇಲೆ ಈ ಸೀಟಲ್ಲಿ ಕೂತೆ. ಅಷ್ಟೇ. ನಲವತ್ತರ ಸ್ಪೀಡು ದಾಟಿಲ್ಲ ನಾನು, ಒಂದು ಸಲಾನೂ."

"ಮತ್ತೆ ನಂಗೆ ಹೈವೇ ಪಾಠ ಹೇಳಿದ್ರಲ್ಲ ಅತ್ತೆ! ಓವರ್‌ಟೇಕು, ಲೇನು, ಎಲ್ಲ?"

"ಪುಸ್ತಕದಲ್ಲಿದೆ. ಮೂವತ್ತೊಂದನೇ ಪುಟದಿಂದ."

ಮದುವೆಯಾಗಿ ಇಪ್ಪತ್ತೈದು ವರ್ಷವಾದ ಮೇಲೆ ಹೆಂಡತಿಯ ಬಗ್ಗೆ ಹೊಸ ವಿಷಯ ತಿಳಿದ ಮಾವ ಬಾಯಿ ತೆರೆದರು. ಈ ಸಲ ಬಾಯಿ ಎರಡೂ ಮೂಲೆಗೆ ತೆರೆದಿತ್ತು. ಊರಿಗೆ ಊರಿಗೇ ಕಾರು ಓಡಿಸೋದು ಕಲಿಸಿದವಳು ತಾನೇ ಓಡಿಸಿಲ್ಲ! ಅತ್ತೆಯ ಮುಖ ಕೆಂಪಾಯಿತು. ಚಿನಕುರಳಿ ಏನೋ ಹೇಳಲು ಬಂದವಳು ಮುಖ ನೋಡಿ ಸುಮ್ಮನಾದಳು. ಅವಳು ಸುಮ್ಮನಾಗುವುದೆಂದರೆ ಸಣ್ಣ ಮಾತಲ್ಲ.

"ಸರಿ ಬಿಡಿ ಅತ್ತೆ," ಎಂದಳು ಕೊನೆಗೆ. "ನಂಗೆ ಕಣ್ಣಿದೆ, ಕೈಯಿದೆ. ನಿಮ್ಮ ಕಾಲೊಂದು ಇಲ್ದಿದ್ರೆ ಸಾಕು."

ಮೆಕ್ಯಾನಿಕ್ ಒಂದು ಬೋಲ್ಟು ಬಿಚ್ಚಿ, ಎಡಗಡೆಯ ಪೆಡಲನ್ನು ಹಲ್ಲು ಕಿತ್ತ ಹಾಗೆ ಕಿತ್ತು, ಹಳೇ ಬಟ್ಟೆಯಲ್ಲಿ ಸುತ್ತಿ ಮಾವನ ಕೈಗೆ ಕೊಟ್ಟ. ಮಾವ ಅದನ್ನು ಡಿಕ್ಕಿಯಲ್ಲಿಟ್ಟರು.

ಕಾರು ಹೊರಟಿತು ನೋಡಿ! ಕಿವಿಗೆ ಗಾಳಿ ಹೊಕ್ಕ ಕರುವಿನ ಹಾಗೆ. ಐವತ್ತು, ಅರವತ್ತು, ಎಪ್ಪತ್ತು. ಅತ್ತೆ ಒಂದು ಕೈಯಲ್ಲಿ ಬಾಗಿಲ ಹಿಡಿ, ಇನ್ನೊಂದರಲ್ಲಿ ಸೀಟಿನ ಅಂಚು ಹಿಡಿದು, ಬರೀ ಮ್ಯಾಟನ್ನು ತುಳಿಯುತ್ತ ಕೂತರು. ಮುಂದಿನ ಏರಿನಲ್ಲಿ ಎಲೆಕೋಸಿನ ತಾತ ಮರದ ಕೆಳಗೆ ಬೀಡಿ ಸೇದುತ್ತ ಕೂತಿದ್ದ. ಕಾರು ಕಂಡು ಎದ್ದುನಿಂತು ಕೈ ಬೀಸಿದ.

ಗಡಿ ತಲುಪಿದಾಗ ಒಂದೂಕಾಲು. ಸಾಲು ಉದ್ದವಿತ್ತು. ಕಾವಲಿನವನು ಕಾರಿನ ತಲೆಯ ಮೇಲಿದ್ದ ಡ್ರೈವಿಂಗ್ ಶಾಲೆಯ ಬೋರ್ಡು ನೋಡಿ, "ಕಲೀತಿರೋರು ಯಾರು?" ಎಂದ.

ಚಿನಕುರಳಿಯೂ ಮಾವನೂ ಒಟ್ಟಿಗೆ ಅತ್ತೆಯ ಕಡೆ ಬೆರಳು ತೋರಿಸಿದರು.

ಡಿಕ್ಕಿ ತೆಗೆಸಿದ. ಬಟ್ಟೆ ಬಿಚ್ಚಿಸಿದ. "ಇದೇನಿದು?"

"ನನ್ನ ಹೆಂಡತಿಯ ಚಾಳಿ ಸ್ವಾಮಿ," ಎಂದರು ಮಾವ. "ಬಿಡಿಸಿ ತಂದಿದೀವಿ."

ಅದೇನು ಅರ್ಥವಾಯಿತೋ, ಅವನು ಮುದ್ರೆ ಒತ್ತಿ ಬಿಟ್ಟ.

ಗೇಟು ದಾಟುತ್ತಿದ್ದಂತೆ ಆಳೆತ್ತರದ ಹಳದಿ ಫಲಕ: ಇಲ್ಲಿಂದ ಮುಂದೆ ರಸ್ತೆಯ ಬಲಬದಿಯಲ್ಲಿ ಚಲಿಸಿ. ಗಡಿಯ ಈಚೆ ಎಡಗಡೆ ಓಡಿಸಿದರೆ ಆಚೆ ಬಲಗಡೆ. ಇದು ಮೂವರಿಗೂ ಗೊತ್ತಿದ್ದದ್ದೇ. ಅತ್ತೆಯ ಪುಸ್ತಕದಲ್ಲೂ ಇತ್ತು. ಆದರೆ ಬಲಗಡೆ ಓಡಿಸುವ ರಸ್ತೆಯಲ್ಲಿ, ಬಲಗಡೆ ಸ್ಟೀರಿಂಗ್ ಇರುವ ಕಾರಿನಲ್ಲಿ ಕೂತರೆ ಏನಾಗುತ್ತದೆ ಎಂದು ಆ ಪುಸ್ತಕದಲ್ಲಿ ಬರೆದಿರಲಿಲ್ಲ.

ಅದು ಗೊತ್ತಾದದ್ದು ಮೂವತ್ತು ಕಿಲೋಮೀಟರ್ ಆದ ಮೇಲೆ, ಒಂದು ಲಾರಿಯ ಹಿಂದೆ. ಅದೂ ಎಂಥ ಲಾರಿ! ಹತ್ತು ಹದಿನೈದು ಸೋಫಾ ಒಂದರ ಮೇಲೊಂದು ಹೇರಿಕೊಂಡು, ಉಬ್ಬಸದ ರೋಗಿಯ ಹಾಗೆ ಏರು ಹತ್ತುತ್ತಿತ್ತು. ವೇಗ ಇಪ್ಪತ್ತೈದು. ರಸ್ತೆ ಎರಡೇ ಸಾಲಿನದು. ದಾಟಬೇಕೆಂದರೆ ಎಡಕ್ಕೆ, ಎದುರಿನಿಂದ ಬರುವವರ ಸಾಲಿಗೆ ಹೋಗಬೇಕು. ಚಿನಕುರಳಿ ಕೂತಿರುವುದು ಬಲಬದಿಯ ಚರಂಡಿಯ ಅಂಚಿನಲ್ಲಿ. ಅಲ್ಲಿಂದ ಅವಳಿಗೆ ಕಾಣುವುದು ಚರಂಡಿ, ಸೋಫಾ, ಸೋಫಾ, ಚರಂಡಿ.

"ಎದುರಿಗೆ ಏನಾದ್ರೂ ಬರ್ತಿದೆಯಾ ನೋಡೋಕೇ ಆಗ್ತಿಲ್ಲ ಅತ್ತೆ!"

ಒಂದು ಸಲ ಮೂತಿ ಹೊರಗೆ ಹಾಕಿ ನೋಡಿದಳು. ಎದುರಿನ ಬಸ್ಸು ಮೈಮೇಲೆ ಬಂದ ಹಾಗೆ ಹಾರ್ನ್ ಹೊಡೆಯಿತು. ಮೂವರ ಜೀವವೂ ಬಾಯಿಗೆ ಬಂದು, ಕಾರು ಸೋಫಾದ ಹಿಂದಕ್ಕೆ ಬಂತು.

"ಆ ಹೊಲಿಗೆ ನೋಡು," ಎಂದರು ಮಾವ ಹಿಂದಿನಿಂದ. "ಎಂಟು ತಿಂಗಳಲ್ಲಿ ಬಿಚ್ಕೊಳುತ್ತೆ. ನೂಲು ಉಳಿಸಿದಾರೆ ಬಡ್ಡಿಮಕ್ಕಳು."

"ರೀ, ಈಗ ಹೊಲಿಗೆ ನೋಡೋ ಹೊತ್ತಾ?"

"ಬೇರೇನೂ ಕಾಣ್ತಿಲ್ವಲ್ಲ ಮಾರಾಯ್ತಿ!"

ಗಂಟೆ ಎರಡೂ ಮುಕ್ಕಾಲು. ಏರ್‌ಪೋರ್ಟಿಗೆ ಇನ್ನೂ ಅರವತ್ತು ಕಿಲೋಮೀಟರ್. ನಾಲ್ಕೂವರೆಗೆ ಕೌಂಟರ್ ಮುಚ್ಚುತ್ತದೆ. ಈ ಸೋಫಾದ ಹಿಂದೆಯೇ ಹೋದರೆ ತಲುಪುವುದು ಐದು ದಾಟಿದ ಮೇಲೆ. ಅಷ್ಟು ಲೆಕ್ಕ ಯಾರಿಗೂ ಕಷ್ಟವಾಗಲಿಲ್ಲ.

"ಅತ್ತೆ," ಎಂದಳು ಚಿನಕುರಳಿ. ದನಿ ಬೇರೆಯಾಗಿತ್ತು. "ನೀವು ಕೂತಿರೋ ಕಡೆಯಿಂದ ರಸ್ತೆ ಪೂರ್ತಿ ಕಾಣುತ್ತೆ. ನೀವೇ ಹೇಳಿ. ನೀವು ಹೋಗು ಅಂದ್ರೆ ಹೋಗ್ತೀನಿ. ಅನ್ನೋವರೆಗೂ ಹೋಗಲ್ಲ."

ನಿಜವೇ. ಆ ರಸ್ತೆಯಲ್ಲಿ, ಆ ಕಾರಿನಲ್ಲಿ, ನೋಡಬೇಕಾದವರು ಕೂರುವ ಜಾಗ ಎಡಗಡೆಯ ಸೀಟೇ ಆಗಿತ್ತು.

ಅತ್ತೆ ಕಿಟಕಿಗೆ ಕೆನ್ನೆ ಆನಿಸಿ ನೋಡಿದರು. ಏರು ಮುಗಿದು ರಸ್ತೆ ನೇರವಾಗಿತ್ತು. ಒಂದು ವ್ಯಾನು ದಾಟಿ ಹೋಯಿತು. ಅದರ ಹಿಂದೆ ಏನೂ ಇಲ್ಲ. ಬಿಸಿಲು, ತುಂಡು ತುಂಡು ಬಿಳಿ ಗೆರೆ, ಕಣ್ಣು ಹೋಗುವಷ್ಟು ದೂರ ಖಾಲಿ.

"ಅತ್ತೆ?"

"ತಡಿ," ಎಂದಿತು ಅತ್ತೆಯ ಬಾಯಿ. "ಇನ್ನೊಂಚೂರು ನೋಡೋಣ."

ನೋಡಿದರು. ಖಾಲಿ ರಸ್ತೆ ಮುಗಿಯಿತು. ತಿರುವು ಬಂತು. ಎದುರಿನಿಂದ ಗಾಡಿಗಳ ಸಾಲು ಶುರುವಾಯಿತು. ಮಾವ ಹೊಲಿಗೆ ನೋಡುವುದನ್ನು ಬಿಟ್ಟು ಫ್ಲಾಸ್ಕಿನ ಮುಚ್ಚಳ ತಿರುಗಿಸತೊಡಗಿದರು. ಅತ್ತೆಗೆ ಗೊತ್ತಿತ್ತು, ರಸ್ತೆ ಖಾಲಿಯಿತ್ತು. ಚೆನ್ನಾಗಿ ಗೊತ್ತಿತ್ತು.

ಆಗಲೇ ಮಡಿಲಲ್ಲಿದ್ದ ಫೋನು ಟಿಣ್ ಎಂದಿತು. ಚಿಕ್ಕತ್ತೆಯ ವಾಯ್ಸ್ ನೋಟು. ಅತ್ತೆ ಒತ್ತಿದರು.

"ಅಕ್ಕಾ, ಎಲ್ಲಿದೀಯಾ? ಹತ್ತಿದ್ಯಾ? ಇಲ್ಲಿ ಇವರು ಬೆಳಿಗ್ಗೆಯಿಂದ ಒಂದೇ ಕೋಟನ್ನ ನಾಲ್ಕು ಸಲ ಇಸ್ತ್ರಿ ಮಾಡಿದಾರೆ. ನಂಗೆ ಕೈಕಾಲೇ ಆಡ್ತಿಲ್ಲ ಕಣೇ. ಬೇಗ ಬಾ, ನೀನು ಬಂದ್ಮೇಲೆ ಇಬ್ರೂ ಸೇರಿ ಹೆದರೋಣ."

ಹಿಂದಿನಿಂದ ಯಾರೋ ಗಂಡಸು, "ನಂಗೇನೂ ಹೆದರಿಕೆ ಇಲ್ಲ," ಎನ್ನುವುದೂ ಕೇಳಿಸಿತು. ಆಮೇಲೆ ತಂಗಿಯ ನಗು. ಹುಡುಗಿಯ ನಗು ಅದು, ನಲವತ್ತಾರರದ್ದಲ್ಲ.

ಅತ್ತೆ ಫೋನನ್ನು ಚೀಲಕ್ಕೆ ಹಾಕಿದರು. ಹಿಡಿದುಕೊಂಡಿದ್ದ ಬಾಗಿಲ ಹಿಡಿಯನ್ನು ಬಿಟ್ಟರು. ಕಿಟಕಿ ಇಳಿಸಿ, ಸೆರಗು ಸಿಕ್ಕಿಸಿ, ತಲೆಯನ್ನು ಅರ್ಧ ಹೊರಗೆ ಹಾಕಿದರು. ಇಪ್ಪತ್ತೆರಡು ವರ್ಷ ರಸ್ತೆಯನ್ನು ಬರೀ ನೋಡಿದ ಕಣ್ಣು ಅದು. ಓಡಿಸುವವರಿಗೆ ಕಾಣದ್ದೆಲ್ಲ ಅದಕ್ಕೆ ಕಾಣುತ್ತಿತ್ತು. ಎದುರಿನ ಟ್ರ್ಯಾಕ್ಟರು ಹೊಲದ ಕಡೆ ತಿರುಗಲು ಕೈ ತೋರಿಸಿದ್ದು ಕಂಡಿತು. ಅದರ ಹಿಂದಿನ ಕೆಂಪು ಕಾರು ಅದಕ್ಕಾಗಿ ನಿಂತದ್ದು ಕಂಡಿತು. ಸೋಫಾ ಲಾರಿಯ ಮುಂದೆ ಇನ್ನೊಂದು ಗಾಡಿ ಇಲ್ಲ ಎಂಬುದು ರಸ್ತೆಯ ಮೇಲೆ ಬಿದ್ದ ನೆರಳಿನಿಂದಲೇ ತಿಳಿಯಿತು.

"ಸೆಕೆಂಡ್ ಗೇರಿಗೆ ಬಾ," ಎಂದರು. ದನಿ ಪಾಠದ್ದು. "ಇಂಡಿಕೇಟರ್ ಹಾಕು. ಸ್ವಲ್ಪ ಹಿಂದೆ ಉಳ್ಕೋ, ಓಟಕ್ಕೆ ಜಾಗ ಬೇಕು. ಟ್ರ್ಯಾಕ್ಟರ್ ಹೊಲಕ್ಕಿಳೀತು. ಕೆಂಪು ಕಾರು ಹೊರಡ್ತು, ಅದು ನಮ್ಮನ್ನ ದಾಟಲಿ. ಬರ್ತಿದೆ, ಬರ್ತಿದೆ..."

ಕೆಂಪು ಕಾರು ಸುಂಯ್ ಎಂದು ಹೋಯಿತು.

"ಹೋಗು!"

"ಹೋಗ್ಲಾ?"

"ಹೋಗೇ ಹೋಗೇ ಹೋಗೇ! ಒತ್ತು! ಥರ್ಡ್ ಹಾಕು! ಇನ್ನೂ ಒತ್ತೇ, ಸೊಪ್ಪು ಕುಯ್ತಿದೀಯಾ ಅಲ್ಲಿ!"

ಕಾರು ಎಡಕ್ಕೆ ಹಾರಿತು. ಪಕ್ಕದಲ್ಲಿ ಸೋಫಾಗಳ ಗೋಡೆ ಒಂದೊಂದಾಗಿ ಹಿಂದೆ ಸರಿಯಿತು. ಹಸಿರು ಸೋಫಾ, ಕಂದು ಸೋಫಾ, ಹೂವಿನ ಸೋಫಾ. ಅತ್ತೆಯ ಕಾಲು ಮ್ಯಾಟಿನ ಮೇಲೆ ಒತ್ತಿಕೊಂಡೇ ಇತ್ತು. ಆದರೆ ಈ ಸಲ ಅದು ಒತ್ತುತ್ತಿದ್ದದ್ದು ಆಕ್ಸಿಲರೇಟರನ್ನು. ಲಾರಿಯ ಡ್ರೈವರ್ ತನ್ನ ಕಿಟಕಿಯಿಂದ ಕೆಳಗೆ ನೋಡಿದ. ತಲೆಯ ಮೇಲೆ ಶಾಲೆಯ ಬೋರ್ಡು ಹೊತ್ತ ಕಾರು, ಕಿಟಕಿಯಿಂದ ಅರ್ಧ ಹೊರಗಿರುವ ಹೆಂಗಸು, ಹಾರುವ ಕೂದಲು. ಅವನು ಹಾರ್ನ್ ಹೊಡೆದ. ಅದು ಬೈಗುಳದ ಹಾರ್ನ್ ಆಗಿರಲಿಲ್ಲ, ಶಿಳ್ಳೆಯ ಹಾಗಿತ್ತು.

"ಬಲಕ್ಕೆ! ಒಳಗೆ ಬಾ! ನಿಧಾನಕ್ಕೆ. ಆಯ್ತು."

ಮುಂದೆ ರಸ್ತೆ ಬಟಾಬಯಲು. ಚಿನಕುರಳಿ ಸ್ಟೀರಿಂಗಿನ ಮೇಲೆ ಕೈ ಬಡಿದು ಕಿರುಚಿದಳು. ಮಾವ ಫ್ಲಾಸ್ಕನ್ನು ತಬ್ಬಿಕೊಂಡು, "ಇಪ್ಪತ್ತೈದು ವರ್ಷ! ಇಪ್ಪತ್ತೈದು ವರ್ಷದಲ್ಲಿ ಈ ಬಾಯಿಂದ ಹೋಗು ಅಂತ ಕೇಳಿರ್ಲಿಲ್ಲ," ಎಂದರು.

"ಹೇಳಿದೀನಿ. ಅಂಗಡಿಗೆ ಹೋಗಿ ಅಂತ ದಿನಾ ಹೇಳ್ತೀನಿ," ಎಂದರು ಅತ್ತೆ, ಕೂದಲು ಕಟ್ಟಿಕೊಳ್ಳುತ್ತ. ನಗುತ್ತಲೂ ಇದ್ದರು, ಕಣ್ಣೂ ಒರೆಸಿಕೊಳ್ಳುತ್ತಿದ್ದರು. ಗಾಳಿಗೆ ಎಂದರು. ಇರಬಹುದು.

ಆಮೇಲಿನ ದಾರಿಯಲ್ಲಿ ಅತ್ತೆ ಎರಡು ಟ್ಯಾಂಕರು, ಒಂದು ಟ್ರ್ಯಾಕ್ಟರು ಮತ್ತು ಒಂದು ಪೊಲೀಸ್ ಜೀಪನ್ನು ದಾಟಿಸಿದರು. ಜೀಪನ್ನು ದಾಟುವುದು ಬೇಡ ಎಂದು ಚಿನಕುರಳಿ ಗೋಗರೆದರೂ, "ಗೆರೆ ತುಂಡಾಗಿದೆ, ಕಾನೂನಲ್ಲಿದೆ, ಹೋಗು," ಎಂದರು.

ಏರ್‌ಪೋರ್ಟ್ ಬಾಗಿಲ ಮುಂದೆ ಕಾರು ನಿಂತಾಗ ನಾಲ್ಕು ಹನ್ನೆರಡು. ಇಳಿದ ಅತ್ತೆ ಮತ್ತೆ ಕಿಟಕಿಗೆ ಬಗ್ಗಿದರು. ವಾಪಸ್ ಹೋಗುವಾಗ ಈ ಸೀಟಿನಲ್ಲಿ ಯಾರು ಎಂಬ ಯೋಚನೆ ಅವರನ್ನು ಹಿಡಿದು ನಿಲ್ಲಿಸಿತ್ತು. ಅಷ್ಟರಲ್ಲಿ ಮಾವ ಹಿಂದಿನಿಂದ ಇಳಿದು ಬಂದು, ಎಡಗಡೆಯ ಸೀಟಿನಲ್ಲಿ ಕೂತು, ಬೆಲ್ಟ್ ಬಿಗಿದು, ಕಿಟಕಿಯಿಂದ ತಲೆ ಹೊರಗೆ ಹಾಕಿ ಅಭ್ಯಾಸ ಮಾಡತೊಡಗಿದರು.

"ರೀ, ಸಂದೇಹ ಇದ್ರೆ ದಾಟೋದು ಬೇಡ ಅನ್ನಿ."

"ಗಡಿ ಸಿಗೋವರೆಗೂ ನಾವು ಯಾರನ್ನೂ ದಾಟಲ್ಲ ಮಾರಾಯ್ತಿ. ನಮಗೇನು ವಿಮಾನ ಹಿಡಿಯೋದಿದೆಯಾ? ಹೋಗು ನೀನು."

ಅತ್ತೆ ಓಡಿದರು. ಕೌಂಟರಿನ ಹುಡುಗಿ, "ಇನ್ನು ಹತ್ತು ನಿಮಿಷ ಆಗಿದ್ರೆ ಮುಚ್ತಿದ್ದೆ," ಎಂದಳು. ಅತ್ತೆ ಅವಳಿಗೆ ಸೋಫಾ ಲಾರಿಯ ಕತೆ ಹೇಳಲು ಶುರು ಮಾಡಿದರು. ಹಿಂದಿದ್ದವರು ಕೆಮ್ಮಿದರು.

ವಿಮಾನ ಇಳಿದ ಕಡೆ ಬಾಗಿಲಲ್ಲೇ ತಂಗಿ ನಿಂತಿದ್ದಳು. ಪಕ್ಕದಲ್ಲಿ ಲಾಂಡ್ರಿಯವರು, ಕೋಟಿನ ಮಡಿಕೆ ಕೈ ಕುಯ್ಯುವಷ್ಟು ಚೂಪು. ಅಕ್ಕತಂಗಿ ತಬ್ಬಿಕೊಂಡರು, ಬಿಟ್ಟರು, ಮತ್ತೆ ತಬ್ಬಿಕೊಂಡರು. ಅತ್ತೆಗೆ ದಾರಿಯುದ್ದಕ್ಕೂ ಬಾಯಲ್ಲಿ ತಿರುಗುತ್ತಿದ್ದ ಮಾತು ತಡೆಯಲಾಗಲಿಲ್ಲ.

"ನೋಡೇ, ಅವತ್ತು ಅಡುಗೆಮನೇಲಿ... ಆ ರೇಡಿಯೋ ಅಂಗಡಿಯವನ ವಿಷಯ ಕೇಳಿದಾಗ ನಾನು ತಡಿ ಅಂದೆನಲ್ಲ. ಅನ್ನಬಾರದಿತ್ತು. ಇಪ್ಪತ್ತು ವರ್ಷ ಆಯ್ತು, ನಂಗೆ..."

ಚಿಕ್ಕತ್ತೆ ಅಕ್ಕನ ಮುಖವನ್ನೇ ನೋಡಿದರು. ಆಮೇಲೆ ಲಾಂಡ್ರಿಯವರಿಗೆ, "ರೀ, ನೀವು ಟ್ಯಾಕ್ಸಿ ನೋಡಿ ಹೋಗಿ," ಎಂದರು. ಅವರು ಅತ್ತ ಹೋದ ಮೇಲೆ ದನಿ ತಗ್ಗಿಸಿದರು.

"ಅಕ್ಕ, ಅವನಿಗೆ ನಾನು ಒಲ್ಲೆ ಅಂತ ಆಗಲೇ ಹೇಳಿದ್ದೆ ಕಣೇ. ನಗುವಾಗ ಗೊರಕೆ ಬರ್ತಿತ್ತು ಅವನಿಗೆ. ಬಿಡ್ತಾನೇ ಇರ್ಲಿಲ್ಲ. ನಿನ್ನ ಕೇಳಿದ್ರೆ ನೀನು ತಡಿ ಅಂತೀಯ ಅಂತ ಗೊತ್ತಿತ್ತು, ಅದಕ್ಕೇ ಕೇಳಿದ್ದು. 'ನಮ್ಮಕ್ಕ ಒಪ್ತಿಲ್ಲ' ಅಂತ ನಿನ್ನ ಹೆಸರು ಹೇಳಿ ತಪ್ಪಿಸ್ಕೊಂಡೆ."

"ನನ್ನ ಹೆಸರು ಹೇಳಿ?"

"ಮತ್ತಿನ್ಯಾರ ಹೆಸರು ಹೇಳಿದ್ರೆ ನಂಬ್ತಾರೆ? ಊರಿಗೆಲ್ಲ ಬ್ರೇಕ್ ನೀನೇ ಅಲ್ವಾ!"

ಅತ್ತೆ ಕೈಚೀಲ ಎತ್ತಿ ತಂಗಿಯ ಬೆನ್ನಿಗೆ ಒಂದು ಬಿಟ್ಟರು. ಇನ್ನೊಂದು ಬಿಟ್ಟರು. ಮೂರನೆಯದು ಬಿಡುವ ಹೊತ್ತಿಗೆ ಇಬ್ಬರೂ ಒಬ್ಬರ ಹೆಗಲು ಒಬ್ಬರು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಟ್ಯಾಕ್ಸಿ ಹಿಡಿದು ಬಂದ ಲಾಂಡ್ರಿಯವರು ಕೋಟಿನ ಗುಂಡಿಗಳನ್ನು ಮುಟ್ಟಿ ನೋಡಿಕೊಂಡರು, ಏನಾದರೂ ಬಿಚ್ಚಿದೆಯೋ ಎಂದು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಚಿಕ್ಕತ್ತೆ ನೀಲಿ ರವಿಕೆ ತೊಟ್ಟು, ಒಂದೇ ಏಟಿಗೆ ಸಹಿ ಹಾಕಿದರು. ಲಾಂಡ್ರಿಯವರು ಮೊದಲು ಕಾಗದದ ಮಡಿಕೆಯನ್ನು ಅಂಗೈಯಲ್ಲೇ ಇಸ್ತ್ರಿ ಮಾಡಿ, ಆಮೇಲೆ ಸಹಿ ಹಾಕಿದರು. ಸಾಕ್ಷಿಯ ಸರದಿ ಬಂತು. ಅತ್ತೆ ಪೆನ್ನು ಹಿಡಿದರು. ಅಷ್ಟರಲ್ಲಿ ಪಕ್ಕದಿಂದ ತಂಗಿ, ಬಾಯಿ ಅಲುಗಿಸದೆ, ಮೆಲ್ಲಗೆ, ಥೇಟ್ ರೇಡಿಯೋ ಅಂಗಡಿಯವನ ಹಾಗೆ ಒಂದು ಗೊರಕೆ ಹೊಡೆದಳು. ನಗು ಒತ್ತಿಕೊಂಡು ಬಂದು ಅತ್ತೆಯ ಸಹಿ ಸೊಟ್ಟಗಾಯಿತು.

ರಿಜಿಸ್ಟ್ರಾರ್ ಕನ್ನಡಕ ಏರಿಸಿ ಕಾಗದ ನೋಡಿದರು, ಪಾಸ್‌ಪೋರ್ಟ್ ನೋಡಿದರು. "ಈ ಸಹಿಗೂ ಆ ಸಹಿಗೂ ಹೋಲಿಕೆ ಇಲ್ವಲ್ಲಮ್ಮ. ಇದು ನಿಮ್ಮದೇನಾ?"

"ನಂದೇ ಸಾರ್," ಎಂದರು ಅತ್ತೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು. "ಒಂದ್ನಿಮಿಷ. ಇವಳನ್ನ ಸ್ವಲ್ಪ ಆಚೆ ನಿಲ್ಸಿ, ಇನ್ನೊಂದ್ಸಲ ಹಾಕ್ತೀನಿ."